ಎಡಗೈಗೊಂದು ಪಿಸ್ತೂಲು

ಸೀರೆಯಂಗಡಿಯಲ್ಲಿ ಹತ್ತು ಸೀರೆ ಬಿಚ್ಚಿಸಿ ಹನ್ನೊಂದನೆಯದನ್ನು ಒಪ್ಪಿಕೊಂಡು ಬಂದರೆ ಮನೆಯಲ್ಲಿ ಯಾರೂ "ಇದು ಯಾಕೆ ಬೇಕಿತ್ತು?" ಎಂದು ಕೇಳುವುದಿಲ್ಲ. ಕೇಳಿದರೂ ಉತ್ತರ ಸಿದ್ಧವಾಗಿರುತ್ತದೆ. ಏರ್ ಪಿಸ್ತೂಲಿನ ಮಾತೆತ್ತಿ ನೋಡಿ, ಎಲ್ಲರ ಬಾಯಲ್ಲೂ ಮೊದಲು ಬರುವುದು ಅದೇ ಪ್ರಶ್ನೆ. ಯಾವುದು ಕೊಳ್ಳಬೇಕು, ಎಷ್ಟು ಬೆಲೆ ಎಂಬುದೆಲ್ಲ ಆಮೇಲೆ.

ನಮ್ಮದು ಮೈಸೂರಿನ ಸಾಧಾರಣ ಮನೆ. ನಾನು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ನಮ್ಮವರಿಗೆ ಸಹಕಾರ ಬ್ಯಾಂಕಿನಲ್ಲಿ ಕೆಲಸ. ಜೊತೆಗೆ ಅತ್ತೆ, ಹೈಸ್ಕೂಲಿನ ಮಗಳು, ಮೂರನೇ ತರಗತಿಯ ಮಗ. ಆಯುಧಪೂಜೆಯ ದಿನ ಈಳಿಗೆಮಣೆಗೂ ಕತ್ತರಿಗೂ ಸ್ಕೂಟರಿಗೂ ಕುಂಕುಮ ಇಡುವುದು ಬಿಟ್ಟರೆ ಆಯುಧಕ್ಕೂ ನಮಗೂ ನಂಟಿರಲಿಲ್ಲ. 2024ರ ಜುಲೈ 28ರಂದು ಪ್ಯಾರಿಸ್ಸಿನಲ್ಲಿ ಮನು ಭಾಕರ್ ಹತ್ತು ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚು ಗೆದ್ದರಲ್ಲ, ಅದನ್ನು ನೋಡಿದ ಮಗಳು ಟೀವಿ ಆರಿಸಿ, "ಅಮ್ಮಾ, ನಾನೂ ಇದನ್ನ ಕಲೀಬೇಕು" ಎಂದಳು.

ಅಂಥ ಆಸೆ ಅವತ್ತು ದೇಶದ ಎಷ್ಟೋ ಮನೆಗಳಲ್ಲಿ ಹುಟ್ಟಿರಬೇಕು. ವಾರ ಕಳೆದರೆ ಇಳಿಯುತ್ತದೆ ಎಂದುಕೊಂಡೆ. ದಸರಾ ರಜೆಯವರೆಗೂ ಇಳಿಯಲಿಲ್ಲ. "ಒಲಿಂಪಿಕ್ಸಿಗೆ ಹೋಗಬೇಕಂತಲಾ?" ಎಂದು ನಮ್ಮವರು ಕೇಳಿದರು. "ಇಲ್ಲಪ್ಪಾ, ಸುಮ್ನೆ. ಇಷ್ಟ ಅಂತ" ಎಂದಳು. ಆ "ಸುಮ್ನೆ" ಎಂಬ ಮಾತು ನನ್ನನ್ನು ಬಹಳ ದಿನ ಕಾಡಿತು. ಪದಕಕ್ಕೆಂದರೆ ಸಾಲ ಮಾಡಿಯಾದರೂ ಕೊಡಿಸುವ ತಂದೆತಾಯಿ ಇದ್ದಾರೆ. ಹೆಣ್ಣುಮಗಳೊಬ್ಬಳು ಸುಮ್ಮನೆ ಇಷ್ಟಪಟ್ಟದ್ದಕ್ಕೆ, ಅದೂ ಎಸ್ಸೆಸ್ಸೆಲ್ಸಿ ಹತ್ತಿರವಿರುವಾಗ, ಎಷ್ಟು ಖರ್ಚು ಮಾಡಬಹುದು?

ಅತ್ತೆಯ ಚಿಂತೆ ಬೇರೆ. "ಮನೇಲಿ ಚಿಕ್ಕ ಹುಡುಗ ಇದಾನೆ. ಪಿಸ್ತೂಲ್ ತಂದಿಡ್ತೀಯೇನೇ?" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಶಾಲೆಯಲ್ಲಿ ನನ್ನ ಜೊತೆ ಕೆಲಸ ಮಾಡುವ ಕೊಡಗಿನ ಗೆಳತಿಯನ್ನು ಕೇಳಿದೆ. ಅವರ ಮನೆಗಳಲ್ಲಿ ಕೈಲ್ ಮುಹೂರ್ತಕ್ಕೆ ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಸುತ್ತಾರೆ. ಕೋವಿಯ ಜೊತೆ ಬೆಳೆದ ಆಕೆ ಹೇಳಿದ್ದು ಒಂದೇ ಮಾತು: "ಪಿಸ್ತೂಲಿಗಿಂತ ಮೊದಲು ಬೀಗ ಕೊಂಡ್ಕೊಳ್ಳಿ. ಬೀಗಕ್ಕಿಂತ ಮೊದಲು ಹೊಡೆಯೋ ಜಾಗ ನೋಡಿ."

ಹಾಗಾಗಿ ನಾವು ಮೊದಲು ನೋಡಿದ್ದು ಜಾಗವನ್ನು. ತಾರಸಿಯ ಮೇಲೆ, ಹಿತ್ತಲಿನಲ್ಲಿ ಡಬ್ಬ ಇಟ್ಟು ಹೊಡೆಯುವುದು ಸಿನಿಮಾದಲ್ಲಿ ಚೆನ್ನ. ಸ್ಪರ್ಧೆಯ ಪಿಸ್ತೂಲಿನಿಂದ ಅರ್ಧ ಗ್ರಾಮಿನ ಸೀಸದ ಪೆಲೆಟ್ ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ಹೊರಡುತ್ತದೆ. ಗೋಡೆಗೆ ಬಡಿದರೆ ಎತ್ತಲೋ ಸಿಡಿಯುತ್ತದೆ. ಕಣ್ಣಿಗೆ ತಾಗಿದರೆ ಕಣ್ಣು ಹೋದಂತೆ. ಗಾಳಿಯ ಪಿಸ್ತೂಲು ಆಟಿಕೆ ಎಂದುಕೊಳ್ಳುವವರ ಮನೆಗೆ ಅದು ಬರಲೇಬಾರದು. ನಗರದ ಒಂದು ಶೂಟಿಂಗ್ ಕ್ಲಬ್ಬಿನಲ್ಲಿ ಶನಿವಾರ, ಭಾನುವಾರ ತರಬೇತಿ ಇತ್ತು. ಪಿಸ್ತೂಲು ಅವರೇ ಕೊಡುತ್ತಿದ್ದರು. ಎಂಟು ತಿಂಗಳು ಅಲ್ಲಿಯದರಲ್ಲೇ ಕಲಿಯಲಿ, ಆಮೇಲೂ ಆಸೆ ಉಳಿದರೆ ನೋಡೋಣ ಎಂದು ಮನೆಯಲ್ಲಿ ಒಪ್ಪಂದವಾಯಿತು.

ಮೊದಲ ದಿನ ತರಬೇತುದಾರರು ಕೇಳಿದ ಮೊದಲ ಪ್ರಶ್ನೆ, "ಯಾವ ಕೈಯಲ್ಲಿ ಬರೀತೀಯಮ್ಮ?"

ಮಗಳು ನನ್ನ ಮುಖ ನೋಡಿದಳು. ಅವಳು ಎಡಚಿ. ಊಟಕ್ಕೆ ಕುಳಿತಾಗ, ಆರತಿ ತಟ್ಟೆ ಹಿಡಿದಾಗ, ದುಡ್ಡು ಕೊಡುವಾಗ, "ಆ ಕೈ ಬೇಡ ಪುಟ್ಟಿ" ಎಂದು ಅಜ್ಜಿಯಿಂದ ಹೇಳಿಸಿಕೊಂಡೇ ಬೆಳೆದವಳು. ಎಡಗೈ ಎಂದರೆ ಬಚ್ಚಿಡಬೇಕಾದದ್ದು ಎಂದು ಅವಳ ಮೈಯೇ ಕಲಿತುಬಿಟ್ಟಿತ್ತು. ಮೆಲ್ಲಗೆ ಎಡಗೈ ಎತ್ತಿ ತೋರಿಸಿದಳು. "ಸರಿ, ಹಾಗಾದರೆ ಅದೇ ನಿನ್ನ ಕೈ" ಎಂದರು ಅವರು. ನಂತರ ಎರಡೂ ಅಂಗೈ ಸೇರಿಸಿ ನಡುವೆ ಸಣ್ಣ ಕಿಂಡಿ ಮಾಡಿಸಿ, ದೂರದ ಗಡಿಯಾರವನ್ನು ಅದರಲ್ಲಿ ನೋಡಲು ಹೇಳಿದರು. ಒಂದೊಂದೇ ಕಣ್ಣು ಮುಚ್ಚಿಸಿದರು. ಎಡಗಣ್ಣು ತೆರೆದಾಗ ಗಡಿಯಾರ ಕಿಂಡಿಯಲ್ಲೇ ಇತ್ತು, ಬಲಗಣ್ಣಿಗೆ ಕಾಣಲಿಲ್ಲ. ಅಂದರೆ ಅವಳಿಗೆ ಮುಂದಾಳು ಎಡಗಣ್ಣು. ಕೈ, ಕಣ್ಣು ಎರಡೂ ಒಂದೇ ಕಡೆ ಇದ್ದರೆ ಗುರಿ ಹಿಡಿಯುವುದು ಸುಲಭ. ಮನೆಗೆ ಬರುವಾಗ ದಾರಿಯುದ್ದಕ್ಕೂ ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು.

ಈ ಆಟದ ಲೆಕ್ಕಗಳು ಗಣಿತದ ಮೇಡಂ ಆದ ನನಗೂ ಹಿಡಿಸಿದವು. ಗುರಿ ಹತ್ತು ಮೀಟರ್ ದೂರ. ನಡುವಿನ ಹತ್ತು ಅಂಕದ ವೃತ್ತಕ್ಕೆ 11.5 ಮಿಲಿಮೀಟರ್ ವ್ಯಾಸ, ಹೆಚ್ಚು ಕಡಿಮೆ ಅಂಗಿಯ ಗುಂಡಿಯಷ್ಟು. ಒಂದೇ ಕೈ ಚಾಚಿ, ಯಾವ ಆಸರೆಯೂ ಇಲ್ಲದೆ ಹೊಡೆಯಬೇಕು. ಸ್ಪರ್ಧೆಯಲ್ಲಿ ಅಂಥ 60 ಹೊಡೆತ. ಪಿಸ್ತೂಲಿನ ತೂಕ ಒಂದು ಕಿಲೋ ಆಸುಪಾಸು, 1500 ಗ್ರಾಂ ಮೀರುವಂತಿಲ್ಲ. ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ತಡೆಯಬೇಕು. ಅರ್ಧ ಲೀಟರ್ ನಂದಿನಿ ಹಾಲಿನ ಪೊಟ್ಟಣವನ್ನು ಬೆರಳ ತುದಿಗೆ ತೂಗುಹಾಕಿಕೊಂಡಂತೆ ಎಂದು ಮಗಳಿಗೆ ವಿವರಿಸಿದೆ. ಅವತ್ತಿನಿಂದ ಒಂದು ಲೀಟರ್ ನೀರಿನ ಬಾಟಲಿ ಹಿಡಿದು ತೋಳು ಚಾಚಿ ನಿಲ್ಲುವುದು ಅವಳ ಬೆಳಗಿನ ಅಭ್ಯಾಸವಾಯಿತು. ಅಜ್ಜಿ ಪಕ್ಕದಲ್ಲಿ ಕೂತು ಒಂದು, ಎರಡು, ಮೂರು ಎಂದು ಎಣಿಸತೊಡಗಿದರು. ಎಣಿಸುತ್ತಿದ್ದುದು ಎಡಗೈಗೆ ಎಂಬುದನ್ನು ನಾವ್ಯಾರೂ ಎತ್ತಿ ಆಡಲಿಲ್ಲ.

ಎಂಟು ತಿಂಗಳಾದರೂ ಆಸೆ ಕರಗಲಿಲ್ಲ. ಕ್ಲಬ್ಬಿನಲ್ಲಿದ್ದ ಪಿಸ್ತೂಲುಗಳ ಹಿಡಿ ಮಾತ್ರ ಬಲಗೈಯವರಿಗಾಗಿ ಕೆತ್ತಿದ್ದು. ಎರಡೂ ಕೈಗೆ ಒಗ್ಗುವ ಒಂದು ಹಳೆಯದನ್ನು ಹೇಗೋ ಹಿಡಿದು ಸಾಗಿಸುತ್ತಿದ್ದಳು. ಹೀಗೆ ಕೊಳ್ಳುವ ಕಾಲ ಬಂತು.

ಕಾನೂನು ನೋಡಿದೆವು. 4.5 ಮಿಲಿಮೀಟರ್ ನಳಿಗೆಯ, 20 ಜೂಲ್ ಶಕ್ತಿ ಮೀರದ ಏರ್ ಪಿಸ್ತೂಲಿಗೆ ಪರವಾನಗಿ ಬೇಕಿಲ್ಲ. ಹಾಗೆಂದು ಮಕ್ಕಳ ಹೆಸರಿಗೆ ಕೊಳ್ಳುವ ವಸ್ತುವಲ್ಲ ಇದು. ಗುರುತು, ವಿಳಾಸದ ದಾಖಲೆ ಕೊಟ್ಟು, ರಸೀದಿಯನ್ನು ನನ್ನ ಹೆಸರಿನಲ್ಲೇ ಮಾಡಿಸುವುದೆಂದು ತೀರ್ಮಾನಿಸಿದೆವು.

ಅಂಗಡಿಯಲ್ಲಿ ನಾಲ್ಕು ಜಾತಿಯವು ಇದ್ದವು. ಮೊದಲನೆಯದು ಸ್ಪ್ರಿಂಗಿನದು. ಕೆಲವು ಸಾವಿರಕ್ಕೇ ಸಿಗುತ್ತದೆ. ಒಳಗಿನ ಸ್ಪ್ರಿಂಗ್ ಬಿಟ್ಟಾಗ ಪಿಸ್ತೂಲೇ ಅದುರುತ್ತದೆ, ಟ್ರಿಗರೂ ಬಿಗಿ. ಕಲಿಯುವವಳಿಗೆ ತಪ್ಪು ಕೈಯದೋ ಯಂತ್ರದ್ದೋ ಗೊತ್ತಾಗುವುದೇ ಇಲ್ಲ. ಎರಡನೆಯದು ಇಂಗಾಲದ ಡೈಆಕ್ಸೈಡ್ ತುಂಬಿದ ಪುಟ್ಟ ಸಿಲಿಂಡರಿನದು. ಹಲವು ನೋಡಲು ಥೇಟ್ ಪೊಲೀಸರ ಪಿಸ್ತೂಲು. ನಮಗೆ ಬೇಡವೆನಿಸಿದ್ದು ಆ ಕಾರಣಕ್ಕೇ. ನಿಜವೆಂದು ಬೇರೆಯವರು ಭ್ರಮಿಸುವ ವಸ್ತು ಸಂಸಾರದ ಮನೆಯಲ್ಲಿರಬಾರದು. ಮೂರನೆಯದರಲ್ಲಿ ಪ್ರತಿ ಹೊಡೆತಕ್ಕೂ ಸನ್ನೆಯನ್ನು ಒಮ್ಮೆ ಒತ್ತಿ ಗಾಳಿ ತುಂಬಬೇಕು. ಅದುರುವುದಿಲ್ಲ, ಸಿಲಿಂಡರಿನ ಗೋಜಿಲ್ಲ, ವರ್ಷಗಟ್ಟಲೆ ಬಾಳುತ್ತದೆ. ಹವ್ಯಾಸಕ್ಕೆ ಒಳ್ಳೆಯ ಆಯ್ಕೆಯೇ. ಆದರೆ ನಲವತ್ತು, ಐವತ್ತು ಸಲ ಆ ಸನ್ನೆ ಒತ್ತಲು ದೊಡ್ಡವರ ತೋಳೇ ಬೇಕು. ಮಗಳು ಇಪ್ಪತ್ತಕ್ಕೇ ಸುಸ್ತಾದಳು.

ಕೊನೆಯದು ಸಂಕುಚಿತ ಗಾಳಿಯದು. ನಳಿಗೆಯ ಕೆಳಗಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡದ ಗಾಳಿ. ಒಮ್ಮೆ ತುಂಬಿದರೆ ನೂರಕ್ಕೂ ಹೆಚ್ಚು ಹೊಡೆತ. ಆಸ್ಟ್ರಿಯಾದ ಸ್ಟೈಯರ್, ಸ್ವಿಟ್ಜರ್ಲೆಂಡಿನ ಮೊರಿನಿ, ಜರ್ಮನಿಯ ವಾಲ್ಟರ್ ಮತ್ತು ಫೈನ್‌ವೆರ್ಕ್‌ಬಾವ್, ಇಟಲಿಯ ಪಾರ್ಡಿನಿ ಎಂದು ಹೆಸರುವಾಸಿಗಳೆಲ್ಲ ಈ ಜಾತಿಯವು. ಹೊಸದು ಒಂದೂವರೆ ಲಕ್ಷಕ್ಕೂ ಮೇಲೆ. ನಮ್ಮ ಕೈಯಲ್ಲಿದ್ದುದು ಚೀಟಿ ಎತ್ತಿದ ಹಣ. ಅದು ಸ್ಕೂಟರ್ ಬದಲಾಯಿಸಲು ಇಟ್ಟದ್ದು.

ಹೀಗಾಗಿ ಹಳೆಯದನ್ನು ಹುಡುಕಿದೆವು. ಒಳ್ಳೆಯ ಪಿಸ್ತೂಲಿನ ನಳಿಗೆ ಬೇಗ ಸವೆಯುವುದಿಲ್ಲ, ಹಳೆಯದೆಂದು ಹೆದರಬೇಕಿಲ್ಲ. ನೋಡಬೇಕಾದ್ದು ಸಿಲಿಂಡರಿನ ಮೇಲೆ ಒತ್ತಿರುವ ತಾರೀಖು. ತಯಾರಾದ ದಿನದಿಂದ ಹತ್ತು ವರ್ಷವಷ್ಟೇ ಅದರ ಆಯಸ್ಸು. ಮೊದಲು ಸಿಕ್ಕ ಪಿಸ್ತೂಲು ಹೊಸದರಂತೆ ಹೊಳೆಯುತ್ತಿತ್ತು, ಬೆಲೆಯೂ ಅಗ್ಗ. ಸಿಲಿಂಡರ್ ತಿರುಗಿಸಿ ನೋಡಿದರೆ ಒಂಬತ್ತು ವರ್ಷ ಮುಗಿದಿತ್ತು. ಹೊಸ ಸಿಲಿಂಡರಿನ ಬೆಲೆ ಕೂಡಿಸಿದಾಗ ಅಗ್ಗವೆಲ್ಲ ಕರಗಿಹೋಯಿತು. ನಮಸ್ಕಾರ ಹೇಳಿ ಬಂದೆವು.

ಎರಡನೆಯದಕ್ಕೆ ಎಲೆಕ್ಟ್ರಾನಿಕ್ ಟ್ರಿಗರ್. ಬೆರಳು ಸೋಕಿದರೆ ಸಾಕು, ಬೆಣ್ಣೆಯಂತೆ. ಆಗ ಮಗಳೇ ನೆನಪಿಸಿದಳು. 2021ರಲ್ಲಿ ಟೋಕಿಯೋದ ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಅವರ ಪಿಸ್ತೂಲು ಕೆಟ್ಟು, ಸರಿಪಡಿಸುವಷ್ಟರಲ್ಲಿ ಹೊತ್ತು ಕಳೆದು, ಫೈನಲ್ ಕೈತಪ್ಪಿತ್ತು. ಅಷ್ಟು ದೊಡ್ಡ ಕೂಟದಲ್ಲೂ ಯಂತ್ರ ಯಂತ್ರವೇ. ನಮ್ಮೂರಿನಲ್ಲಿ ಕೆಟ್ಟರೆ ರಿಪೇರಿ ಮಾಡುವವರು ಯಾರು? ತರಬೇತುದಾರರೇ ಬಿಚ್ಚಿ ಸರಿಮಾಡಬಲ್ಲ ಸಾದಾ ಟ್ರಿಗರೇ ಇರಲಿ ಎಂದುಕೊಂಡೆವು.

ಮೂರನೆಯದಕ್ಕೆ ಸಾದಾ ಟ್ರಿಗರ್, ಸಿಲಿಂಡರಿಗೆ ಇನ್ನೂ ಆರು ವರ್ಷ. ಆದರೆ ಹಿಡಿ ಬಲಗೈಯದು. ಮಾರುವವರು, "ಮಗು ಚಿಕ್ಕದು, ಬಲಗೈಗೆ ರೂಢಿ ಮಾಡಿಸಿ, ಮುಂದೆ ಮಾರುವಾಗಲೂ ಸುಲಭ" ಎಂದರು. ಅವರ ಲೆಕ್ಕ ಸರಿಯೇ, ಎಡಗೈಯ ಹಿಡಿಗೆ ಕೊಳ್ಳುವವರು ಕಡಿಮೆ. ಮಗಳು ಏನೂ ಹೇಳದೆ ಬಲಗೈಯಲ್ಲಿ ಹಿಡಿದು ನೋಡತೊಡಗಿದಳು. ಆಗ ಮಾತಾಡಿದ್ದು ಅತ್ತೆ. ನಾವು ಹೋಗುವುದೆಲ್ಲಿಗೆಂದು ನೋಡಲೆಂದೇ ಅವತ್ತು ಜೊತೆಗೆ ಬಂದಿದ್ದರು. "ಅವಳ ಕೈ ಎಡಗೈ ಕಣಪ್ಪ. ಅದಕ್ಕೆ ಹೊಂದೋದು ಇದ್ರೆ ಕೊಡಿ" ಎಂದರು.

ಹದಿನಾಲ್ಕು ವರ್ಷದ "ಆ ಕೈ ಬೇಡ ಪುಟ್ಟಿ" ಅಲ್ಲಿಗೆ ಮುಗಿಯಿತು.

ಪಿಸ್ತೂಲು ಅದೇ ಇರಲಿ, ಎಡಗೈಯ ಮರದ ಹಿಡಿಯನ್ನು ಬೇರೆಯಾಗಿ ತರಿಸಿಕೊಡಿ ಎಂದು ಮುಂಗಡ ಕೊಟ್ಟೆವು. ಬರಲು ಒಂದೂವರೆ ತಿಂಗಳು ಹಿಡಿಯಿತು. ಹಿಡಿ ಕೂಡ ಚಪ್ಪಲಿಯಂತೆ ಸಣ್ಣದು, ನಡುವಿನದು, ದೊಡ್ಡದು ಎಂದು ಅಳತೆಯಲ್ಲಿ ಬರುತ್ತದೆ. ಅಂಗೈಯ ಅಂಚು ಕೂರುವ ಕೆಳಗಿನ ಚಿಕ್ಕ ಹಲಗೆಯನ್ನು ಮೇಲೆ ಕೆಳಗೆ ಸರಿಸಿ ಹೊಂದಿಸಬಹುದು. ಸರಿಯಾಗಿದೆಯೇ ಎಂದು ತಿಳಿಯಲು ತರಬೇತುದಾರರು ಒಂದು ಪರೀಕ್ಷೆ ಹೇಳಿಕೊಟ್ಟರು. ಕಣ್ಣು ಮುಚ್ಚಿ, ಪಿಸ್ತೂಲು ಹಿಡಿದು, ಗುರಿಯತ್ತ ತೋಳೆತ್ತಿ, ಆಮೇಲೆ ಕಣ್ಣು ತೆರೆಯಬೇಕು. ಮುಂದಿನ ಗುರಿಕಡ್ಡಿ ಹಿಂದಿನ ಕಚ್ಚಿನ ನಡುವೆ ತಾನಾಗಿ ಕೂತಿದ್ದರೆ ಹಿಡಿ ನಿಮ್ಮದು. ಮಣಿಕಟ್ಟು ತಿರುಗಿಸಿ ಕೂರಿಸಬೇಕಾಗಿ ಬಂದರೆ ಅದು ಬೇರೆಯವರದು. ಮಗಳು ಮೂರು ಸಲ ಕಣ್ಣು ತೆರೆದಳು. ಮೂರು ಸಲವೂ ಕಡ್ಡಿ ನಡುವೆಯೇ ಇತ್ತು.

ಈಗ ಮನೆಯ ಕಟ್ಟಳೆ. ಪಿಸ್ತೂಲು ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಬೀರುವಿನಲ್ಲಿ, ಬೀರುವಿನ ಕೀಲಿ ನನ್ನ ಹತ್ತಿರ. ಪೆಲೆಟ್ ಡಬ್ಬಿ ಮನೆಗೆ ಬರುವುದೇ ಇಲ್ಲ, ಅದು ಕ್ಲಬ್ಬಿನ ಲಾಕರಿನಲ್ಲಿರುತ್ತದೆ. ನಳಿಗೆಯುದ್ದಕ್ಕೂ ಕಿತ್ತಳೆ ಬಣ್ಣದ ದಾರ ತೂರಿಸಿರಬೇಕು, ಒಳಗೇನೂ ಇಲ್ಲವೆಂದು ಯಾರಿಗಾದರೂ ದೂರದಿಂದಲೇ ಕಾಣಬೇಕು. ಖಾಲಿ ಇದ್ದರೂ ಮನುಷ್ಯರತ್ತ ತಿರುಗಿಸುವಂತಿಲ್ಲ. ಸೀಸ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ತಿಂಡಿ ಮುಟ್ಟುವಂತಿಲ್ಲ. ಮಗನಿಗೆ ಬಚ್ಚಿಟ್ಟು ಕುತೂಹಲ ಬೆಳೆಸುವ ಬದಲು, ನಾವೇ ಕ್ಲಬ್ಬಿಗೆ ಕರೆದುಕೊಂಡು ಹೋಗಿ ತೋರಿಸಿದೆವು. ಪೆಲೆಟ್ ತೂರಿದ ರಟ್ಟನ್ನು ಮುಟ್ಟಿ ನೋಡಿದವನು ಮನೆಯಲ್ಲಿ ಈ ಕಟ್ಟಳೆಗಳ ಕಾವಲುಗಾರನೇ ಆಗಿಬಿಟ್ಟಿದ್ದಾನೆ.

ಪೆಲೆಟ್ ಇಲ್ಲದೆ ಮನೆಯಲ್ಲಿ ಏನು ಅಭ್ಯಾಸ ಎಂದು ನೀವು ಕೇಳಬಹುದು. ಅಭ್ಯಾಸದ ಬಹುಪಾಲು ಅದೇ. ಬಿಳಿ ಗೋಡೆಯ ಮುಂದೆ ನಿಂತು, ಕಡ್ಡಿಯ ಮೇಲೆ ಮಾತ್ರ ಕಣ್ಣಿಟ್ಟು, ಅದು ಅಲುಗದಂತೆ ಟ್ರಿಗರ್ ಒತ್ತುವುದು. ಈ ಪಿಸ್ತೂಲುಗಳಲ್ಲಿ ಗಾಳಿ ಬಿಡದೆ ಟ್ರಿಗರ್ ಮಾತ್ರ ಒತ್ತುವ ಏರ್ಪಾಡು ಇರುತ್ತದೆ. ದಿನಕ್ಕೆ ಇಪ್ಪತ್ತು ನಿಮಿಷ, ನನ್ನ ಎದುರಿಗೇ. ಎಸ್ಸೆಸ್ಸೆಲ್ಸಿ ಓದಿನ ನಡುವೆ ಅದು ಅವಳಿಗೆ ದೇವರ ಮುಂದೆ ಕೂತ ಹಾಗೆ. ಉಸಿರು ನಿಧಾನವಾಗುತ್ತದೆ, ಮುಖದ ಗಂಟು ಬಿಡುತ್ತದೆ. ಕೈ ನಡುಗಿದಾಗ ಹೊಡೆಯದೆ ತೋಳಿಳಿಸಿ ಮತ್ತೆ ಶುರುಮಾಡುವುದನ್ನು ಕಲಿತಿದ್ದಾಳೆ. ಪರೀಕ್ಷೆಯ ಹಾಲಿನಲ್ಲಿ ಎಷ್ಟೋ ಮಕ್ಕಳಿಗೆ ಬಾರದ ವಿದ್ಯೆ ಅದು.

ನಮ್ಮ ರಾಜ್ಯದವರೂ ಈ ಆಟದಲ್ಲಿ ಹೆಸರು ಮಾಡಿದ್ದಾರೆ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ ಇದೇ ಹತ್ತು ಮೀಟರಿನಲ್ಲಿ ಬೆಳ್ಳಿ ಗೆದ್ದರು. ಬೆಂಗಳೂರಿನವರೇ ಆದ ಟಿ.ಎಸ್. ದಿವ್ಯಾ 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕೂಟದಲ್ಲಿ ತಂಡದಲ್ಲೊಂದು, ಮಿಶ್ರ ಜೋಡಿಯಲ್ಲೊಂದು ಬೆಳ್ಳಿ ತಂದರು. ನನ್ನ ಮಗಳು ಆ ಸಾಲಿಗೆ ಸೇರಬೇಕೆಂದು ನಾನು ಹರಕೆ ಹೊತ್ತಿಲ್ಲ. ನಮ್ಮ ಹಳೆಯ ಸ್ಕೂಟರ್ ಇನ್ನೆರಡು ವರ್ಷ ಓಡುತ್ತದೆ.

ನಿಮ್ಮ ಮನೆಯಲ್ಲೂ ಮಗುವೊಂದು ಹೀಗೆ ಕೇಳಿದರೆ, ಅಂಗಡಿಗೆ ಹೋಗುವ ಮುನ್ನ ಹತ್ತಿರದ ಕ್ಲಬ್ಬಿಗೆ ಹೋಗಿ. ಕೆಲವು ತಿಂಗಳು ಅಲ್ಲಿಯದರಲ್ಲೇ ಕಲಿಯಲಿ. ಕೀಲಿ ಯಾರ ಕೈಯಲ್ಲಿರಬೇಕೆಂದು ಮೊದಲೇ ನಿರ್ಧರಿಸಿ. ಸಿಲಿಂಡರಿನ ತಾರೀಖು ಓದದೆ ದುಡ್ಡು ಎಣಿಸಬೇಡಿ. ಚಾಂಪಿಯನ್ ಯಾವುದು ಹಿಡಿದಿದ್ದರು, ಪಕ್ಕದ ಮನೆಯವರು ಎಷ್ಟಕ್ಕೆ ತಂದರು ಎಂಬುದನ್ನು ಬಿಟ್ಟು ಮಗುವಿನ ಕೈ ನೋಡಿ. ಹಿಡಿಯನ್ನು ಕೈಗೆ ತಕ್ಕಂತೆ ಬದಲಾಯಿಸಬಹುದು, ಕೈಯನ್ನು ಬದಲಾಯಿಸಲು ಹೋಗಬಾರದು.