ವಾರವಾರವೂ ಏಳುವ ಅಗ್ನಿರಾಜ

ಉತ್ತರ ಯೂರೋಪಿನ ನಾರ್ಸ್ ಜನರ ಪುರಾಣದಲ್ಲಿ ಸುರ್ತ್ ಎಂಬ ದೈತ್ಯನೊಬ್ಬನಿದ್ದಾನೆ. 'ಕರಿಯ' ಎಂಬುದು ಆ ಹೆಸರಿನ ಅರ್ಥ. ಅಗ್ನಿಲೋಕವಾದ ಮುಸ್ಪೆಲ್ಲಿನ ಗಡಿಯಲ್ಲಿ ಉರಿಯುವ ಖಡ್ಗವನ್ನು ಹಿಡಿದು ಅವನು ಕಾವಲು ಕುಳಿತಿರುತ್ತಾನೆ. ರಗ್ನರಾಕ್ ಎಂಬ ಲೋಕಾಂತ್ಯದ ದಿನ ದಂಡೆತ್ತಿ ಬಂದು, ದೇವತೆಗಳೊಡನೆ ಕಾದಾಡಿ, ಕಡೆಗೆ ಭೂಮಂಡಲವನ್ನೇ ಸುಟ್ಟುಬಿಡುತ್ತಾನೆ. ಅವನಿಗೆ ಎದುರಾಗಿ ನಿಲ್ಲುವವನು ಮಳೆಬಿಸಿಲುಗಳ ಒಡೆಯನಾದ ಫ್ರೇಯ್ರ್ ದೇವ. ಆದರೆ ಗೆರ್ದ್ ಎಂಬ ದೈತ್ಯಕನ್ಯೆಯಲ್ಲಿ ಮೋಹಗೊಂಡಿದ್ದ ಅವನು, ಆಕೆಯನ್ನು ಒಲಿಸಲು ಹೊರಟ ಸೇವಕನಿಗೆ ತನ್ನ ಕತ್ತಿಯನ್ನು ಎಂದೋ ಕೊಟ್ಟುಬಿಟ್ಟಿದ್ದನಾದ್ದರಿಂದ ಆ ರಣದಲ್ಲಿ ಮಡಿಯುತ್ತಾನೆ. ಕವಚಕುಂಡಲಗಳನ್ನು ಕಳಚಿಕೊಟ್ಟ ಕರ್ಣನ ನೆನಪು ಇಲ್ಲಿ ಬಾರದಿರದು. ಆದರೆ ಕರ್ಣನು ಇತ್ತದ್ದು ದಾನವಾಗಿ, ಫ್ರೇಯ್ರ್ ಇತ್ತದ್ದು ಮೋಹಕ್ಕಾಗಿ. ಎರಡರ ಫಲವೂ ಒಂದೇ ಆಯಿತೆಂಬುದು ಬೇರೆ ಮಾತು.

ಸುರ್ತನು ಸೋಲುವವನಲ್ಲ ಎಂಬುದೇ ಆ ಕಥೆಯ ತಿರುಳು. ಅದನ್ನು ಬರಹಕ್ಕಿಳಿಸಿ ಉಳಿಸಿಕೊಂಡವರು ಐಸ್‌ಲೆಂಡ್ ದ್ವೀಪದವರು. ಸುಮಾರು 1220ರ ಹೊತ್ತಿಗೆ ಸ್ನೋರಿ ಸ್ಟುರ್ಲುಸನ್ ಎಂಬ ಪಂಡಿತ ಈ ಪುರಾಣಗಳನ್ನು ಗದ್ಯದಲ್ಲಿ ನಿರೂಪಿಸಿದನು. ಆ ನಾಡಿನಲ್ಲಿ ಬೆಂಕಿಯೆಂಬುದು ಕವಿಸಮಯವಲ್ಲ, ಕಾಲಡಿಯ ನೆಲ. 1783ರಲ್ಲಿ ಲಾಕಿ ಎಂಬಲ್ಲಿ ಭೂಮಿ ಬಿರಿದು ಎಂಟು ತಿಂಗಳ ಕಾಲ ಲಾವಾ ಹರಿಯಿತು. ವಿಷಾನಿಲದಿಂದ ದನಕುರಿಗಳು ಸತ್ತು, ಒದಗಿದ ಕ್ಷಾಮದಲ್ಲಿ ದ್ವೀಪದ ಜನರಲ್ಲಿ ಸುಮಾರು ಐದನೆಯ ಒಂದು ಪಾಲು ಅಳಿದುಹೋಯಿತು. 1963ರ ನವೆಂಬರಿನಲ್ಲಿ ಅಲ್ಲಿನ ಕಡಲೊಳಗಿನಿಂದ ಜ್ವಾಲಾಮುಖಿಯೊಂದು ಎದ್ದು ಹೊಸ ನಡುಗಡ್ಡೆಯೇ ಮೂಡಿದಾಗ, ಅದಕ್ಕೆ ಅವರು ಸುರ್ತ್ಸೇ, ಎಂದರೆ ಸುರ್ತನ ದ್ವೀಪ, ಎಂದು ಹೆಸರಿಟ್ಟರು.

ಈ ಪುರಾಣಾಗ್ನಿಯ ಕಿಡಿಯೊಂದು ಕಂಪ್ಯೂಟರಿನ ಆಟದೊಳಗೂ ಬಿದ್ದಿದೆ. 2004ರ ನವೆಂಬರಿನಲ್ಲಿ ಅಮೆರಿಕದ ಬ್ಲಿಜರ್ಡ್ ಸಂಸ್ಥೆಯು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟವನ್ನು ಹೊರತಂದಿತು. ಅದರಲ್ಲಿ 'ಮೋಲ್ಟನ್ ಕೋರ್' ಎಂಬ ಪಾತಾಳಗುಹೆಯುಂಟು. ಅದರ ಅಧಿಪತಿ ರಗ್ನರಾಸ್. ಹೆಸರಿನಲ್ಲಿಯೇ ರಗ್ನರಾಕಿನ ದನಿಯಿದೆ. ಸುರ್ತನಿಗೆ ಖಡ್ಗವಾದರೆ ಇವನಿಗೆ ಸುತ್ತಿಗೆ. ಅದರ ಹೆಸರು ಸಲ್ಫ್ಯುರಸ್, ಗಂಧಕದ ವಾಸನೆ ಸೂಸುವ ಹೆಸರು. ಇಂಥ ಪ್ರಧಾನ ಶತ್ರುವನ್ನು ಆಟಗಾರರು 'ಬಾಸ್' ಎನ್ನುತ್ತಾರೆ.

ಮಕ್ಕಳು ಇಂಥ ಆಟಗಳ ಮುಂದೆ ಹೊತ್ತು ಕಳೆಯುವುದನ್ನು ಕಂಡು ಹಿರಿಯರು ಮುಖ ಸಿಂಡರಿಸುವುದು ಸಹಜವೇ. ಆದರೆ ಆ ಕಾಳಗದ ಕ್ರಮವನ್ನು ಒಮ್ಮೆ ಗಮನಿಸಬೇಕು. ರಗ್ನರಾಸನೆದುರು ಹೋಗುವವರು ನಲವತ್ತು ಮಂದಿ. ಅವರು ಒಂದೆಡೆ ಕೂಡಿದವರಲ್ಲ. ಬೇರೆ ಬೇರೆ ಊರುಗಳಲ್ಲಿ, ತಂತಮ್ಮ ಮನೆಗಳಲ್ಲಿ ಕುಳಿತು, ಕಿವಿಗೆ ಹೆಡ್‌ಫೋನ್ ಧರಿಸಿ ಒಬ್ಬ ನಾಯಕನ ಮಾತಿಗೆ ಓಗೊಡುವವರು. ಪೆಟ್ಟನ್ನು ಮೈಮೇಲೆ ತಂದುಕೊಳ್ಳುವವನೊಬ್ಬ, ಗಾಯ ಮಾಯಿಸುವವರು ಕೆಲವರು, ಹೊಡೆಯುವವರು ಉಳಿದವರು. ಉರಿಯನ್ನು ತಡೆಯಬಲ್ಲ ಕವಚಗಳನ್ನು ವಾರಗಟ್ಟಲೆ ಕೂಡಿಸಿಟ್ಟುಕೊಂಡು ಅವರು ಹೊರಡುತ್ತಾರೆ. ನೆಲದ ಮೇಲೆ ಕೊರೆದ ಏಳು ಮಂತ್ರಾಕ್ಷರಗಳನ್ನು ವಿಶೇಷವಾದ ಜಲದಿಂದ ಆರಿಸಿದ ಮೇಲೆಯೇ ಅಗ್ನಿರಾಜನ ಮಂತ್ರಿ ಕಾಣಿಸಿಕೊಳ್ಳುವುದು. ಸೋತ ಮಂತ್ರಿಯು ತನ್ನ ಒಡೆಯನನ್ನು ಕೂಗಿ ಕರೆಯುತ್ತಾನೆ. ಲಾವಾದಿಂದ ಮೇಲೆದ್ದ ಒಡೆಯನು ಕರೆದವನನ್ನೇ ಮೊದಲು ಕೊಲ್ಲುತ್ತಾನೆ. ಬೆಂಕಿಗೆ ತನ್ನವರೆಂಬ ಭೇದವೆಲ್ಲಿಯದು!

ಸುತ್ತಿಗೆಯ ಅಳವಿನಲ್ಲಿ ಯಾರಾದರೊಬ್ಬರು ನಿಂತೇ ಇರಬೇಕು. ಹತ್ತಿರ ಯಾರೂ ಇಲ್ಲವಾದರೆ ರಗ್ನರಾಸನು ದೂರದಲ್ಲಿರುವವರ ಮೇಲೆ ಉರಿಯುಂಡೆಗಳನ್ನೆಸೆಯುತ್ತಾನೆ. ಹತ್ತಿರ ನಿಂತವರನ್ನಾದರೋ ಆಗಾಗ ಎತ್ತಿ ಎಸೆಯುತ್ತಾನೆ. ಮೂರು ನಿಮಿಷಗಳೊಳಗೆ ಅವನು ಉರುಳದಿದ್ದರೆ ಲಾವಾದಲ್ಲಿ ಮುಳುಗಿ, ತನಗೆ ಬದಲಾಗಿ ಎಂಟು ಜ್ವಾಲಾಪುತ್ರರನ್ನು ಕಳುಹಿಸುತ್ತಾನೆ. ಅವರನ್ನು ಬೇಗ ಮುಗಿಸದಿದ್ದರೆ ಮಕ್ಕಳೊಡನೆ ತಂದೆಯೂ ಮತ್ತೆ ಎದುರಾಗುತ್ತಾನೆ. ಒಬ್ಬನ ಗಮನ ಕದಲಿದರೆ ನಲವತ್ತು ಮಂದಿಯೂ ಬೂದಿ.

ಈ ಗುಹೆಯಲ್ಲಿ ಎಲ್ಲಕ್ಕಿಂತ ನೆನಪಿನಲ್ಲುಳಿಯುವ ಘಟ್ಟ ರಗ್ನರಾಸನದಲ್ಲ, ಅವನ ಸಾಮಂತನಾದ ಬ್ಯಾರನ್ ಗೆಡನ್ ಎಂಬವನದು. ಅವನು ಆಟಗಾರರಲ್ಲಿ ಒಬ್ಬನನ್ನು ಸಜೀವ ಸಿಡಿಗುಂಡಾಗಿ ಮಾರ್ಪಡಿಸುತ್ತಾನೆ. ಕೆಲವೇ ಕ್ಷಣಗಳಲ್ಲಿ ಆತ ಸಿಡಿಯುತ್ತಾನೆ, ಬಳಿಯಿದ್ದವರೆಲ್ಲ ಬೇಯುತ್ತಾರೆ. ಅವನು ಮಾಡಬೇಕಾದುದು ಒಂದೇ: ಗೆಳೆಯರ ಗುಂಪನ್ನು ಬಿಟ್ಟು ದೂರ ಓಡುವುದು. ಯುದ್ಧದಲ್ಲಿ ಓಡುವುದು ಹೇಡಿತನವೆಂದು ಎಲ್ಲ ಪುರಾಣಗಳೂ ಸಾರಿದರೆ, ಇಲ್ಲಿ ಓಡದಿರುವುದೇ ದ್ರೋಹ. ನಾರ್ಸ್ ಕವಿಗೂ ಹೊಳೆಯದ ಸ್ವಾರಸ್ಯವಿದು.

ಹಾಗೆಂದು ಮೂಲಪುರಾಣದ ಗಾಂಭೀರ್ಯ ಆಟದಲ್ಲಿ ಉಳಿದಿದೆಯೆನ್ನುವಂತಿಲ್ಲ. ಸುರ್ತನು ಬರುವುದು ಒಮ್ಮೆ, ಗೆಲ್ಲುವುದು ಅವನೇ. ರಗ್ನರಾಸನು ವಾರಕ್ಕೊಮ್ಮೆ ಸತ್ತು ಮುಂದಿನ ವಾರ ಮತ್ತೆ ಸಾಯಲು ಸಿದ್ಧನಾಗಿರುತ್ತಾನೆ. ಅವನು ಮೊದಲು ಉರುಳಿದ್ದು 2005ರಲ್ಲಿ, ಆಟ ಹೊರಬಂದು ತಿಂಗಳುಗಳು ಕಳೆದ ಮೇಲೆ. ಒಬ್ಬರು ಗೆದ್ದ ಉಪಾಯ ಹತ್ತು ಜನರಿಗೆ ತಿಳಿದು, ಪ್ರಳಯಾಗ್ನಿಯು ಬರಬರುತ್ತ ಅಡುಗೆಮನೆಯ ಒಲೆಯಂತಾಯಿತು. ನಿರ್ಮಾಪಕರಿಗೂ ಇದು ತಿಳಿಯಿತೆಂದು ತೋರುತ್ತದೆ. 2011ರಲ್ಲಿ ಅವನನ್ನು ಮತ್ತೆ ರಂಗಕ್ಕೆ ತಂದಾಗ, ಕಠಿಣತರವಾದ ಆವೃತ್ತಿಯಲ್ಲಿ ಅವನಿಗೆ ಕಾಲುಗಳನ್ನು ಕೊಟ್ಟು ಲಾವಾದಿಂದ ಹೊರಗೆ ನಡೆಸಿದರು. 2019ರ ಆಗಸ್ಟಿನಲ್ಲಿ ಹಳೆಯ ಆಟವನ್ನೇ ಪುನಃ ತೆರೆದಾಗಲಂತೂ ಆ ಮೊದಲಿನ ರಗ್ನರಾಸನು ಒಂದು ವಾರವೂ ತಡೆಯಲಿಲ್ಲ. ಎಲ್ಲವೂ ಎಲ್ಲರಿಗೂ ತಿಳಿದಿತ್ತು. ಆದರೂ ಗೆಡನ್ನನ ಬೆಂಕಿ ಮೈಗೆ ತಗುಲಿದವನು ಆಗಲೂ ಗುಂಪನ್ನು ಬಿಟ್ಟು ತಾನೊಬ್ಬನೇ ಓಡಬೇಕಾಗಿತ್ತು.