ಸಾಲು ತಪ್ಪುವ ಬೀಸು

ಯಾವ ವಿದ್ಯೆಗಾದರೂ ಒಳ್ಳೆಯ ಗುರು ಸಿಗುವುದು ಕಷ್ಟವೆಂದು ಹಿರಿಯರು ಹೇಳುತ್ತಿದ್ದರು. ಈಗಿನ ಕಷ್ಟ ಬೇರೆ. ಗುರುಗಳು ಬೇಕಾದಷ್ಟು ಮಂದಿ ಸಿಗುತ್ತಾರೆ. ನಮಗೆ ಬೇಕಾದ ಪಾಠ ಯಾವುದೆಂಬುದೇ ನಮಗೆ ತಿಳಿಯುವುದಿಲ್ಲ. ಶ್ರುತಿ ನಿಲ್ಲದವನಿಗೆ ಹೊಸ ಕೀರ್ತನೆಯೊಂದನ್ನು ಹೇಳಿಕೊಟ್ಟರೆ ಬಂದ ಲಾಭವೇನು? ಅಪಸ್ವರಕ್ಕೆ ಇನ್ನೊಂದು ಸಾಹಿತ್ಯ ದೊರೆತಂತಾಯಿತು, ಅಷ್ಟೆ.

ಈ ಮಾತು ನನಗೆ ಮನದಟ್ಟಾದದ್ದು ಗಾಲ್ಫ್ ಆಟದ ದೆಸೆಯಿಂದ. ನಾನು ಆಡುವವನಲ್ಲ, ಆಡುವವರೊಬ್ಬರ ಮಿತ್ರ. ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡಿನ ಒಕ್ಕಲು ಮನೆಯಲ್ಲಿ ಹುಟ್ಟಿ, ಇಂಜಿನಿಯರಾಗಿ ಊರೂರು ಸುತ್ತಿ, ನಿವೃತ್ತರಾದ ಮೇಲೆ ಮೈಸೂರಿನಲ್ಲಿ ನೆಲೆಸಿದ ಈ ಮಿತ್ರರು ಅರವತ್ತು ದಾಟಿದ ಬಳಿಕ ಗಾಲ್ಫ್ ಕೋಲು ಹಿಡಿದರು. ಅದು ಶೋಕಿಯಲ್ಲ. ಹಿಂದಿನ ವರ್ಷವಷ್ಟೆ ಅವರ ಮನೆಯವರು ತೀರಿಕೊಂಡಿದ್ದರು, ಮಗ ಅಮೆರಿಕದಲ್ಲಿ. ಕಾಫಿಗೆ ಎದುರು ಕುಳಿತುಕೊಳ್ಳುವವರಿಲ್ಲದ ಮನೆಯಿಂದ ಬೆಳಗ್ಗೆ ಎದ್ದು ಹೋಗಲು ಒಂದು ಜಾಗ ಬೇಕಾಗಿತ್ತು. ಚಾಮುಂಡಿ ಬೆಟ್ಟದ ಬದಿಯಲ್ಲಿ, ಕುದುರೆ ಪಂದ್ಯದ ಮೈದಾನದ ನಡುವೆ ಇರುವ ಗಾಲ್ಫ್ ಬಯಲು ಆ ಜಾಗವಾಯಿತು.

ಆದರೆ ಆಟ ಒಲಿಯಲಿಲ್ಲ. ಒಂದು ಹೊಡೆತ ಬೆಳ್ಳಕ್ಕಿಯಂತೆ ನೇರವಾಗಿ ಹಾರಿದರೆ, ಮುಂದಿನದು ಬಲಕ್ಕೆ ಪೊದೆಯ ಪಾಲು, ಅದರ ಮುಂದಿನದು ಎಡಕ್ಕೆ. ನಾಲ್ಕನೆಯದರಲ್ಲಿ ಚೆಂಡಿಗಿಂತ ಹೆಚ್ಚು ದೂರ ಮಣ್ಣೇ ಹೋಗುತ್ತಿತ್ತು. “ಸ್ವಾಮಿ, ಒಂದೇ ತಪ್ಪಾಗಿದ್ದರೆ ತಿದ್ದಿಕೊಳ್ಳಬಹುದಿತ್ತು. ನನ್ನದು ಗಳಿಗೆಗೊಂದು,” ಎನ್ನುತ್ತಿದ್ದರು.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಗಾಲ್ಫಿನ ಚೆಂಡು ಹೆಚ್ಚೆಂದರೆ 46 ಗ್ರಾಂ ತೂಗುತ್ತದೆ. ಕೋಲು ಅದನ್ನು ಮುಟ್ಟಿಕೊಂಡಿರುವುದು ಸೆಕೆಂಡಿನ ಸುಮಾರು ಎರಡು ಸಾವಿರದಲ್ಲೊಂದು ಪಾಲು. ಆ ಕ್ಷಣದಲ್ಲಿ ಕೋಲಿನ ಮುಖ ಎತ್ತ ತಿರುಗಿರುತ್ತದೋ ಚೆಂಡು ಬಹುಮಟ್ಟಿಗೆ ಅತ್ತಲೇ ಹೊರಡುತ್ತದೆ. ಬೀಸಿದ ದಾರಿಗೂ ಮುಖದ ದಿಕ್ಕಿಗೂ ಹೊಂದಿಕೆಯಾಗದಿದ್ದರೆ ನಡುದಾರಿಯಲ್ಲಿ ಬಾಗುತ್ತದೆ. ಇಷ್ಟು ಕಿರಿದಾದ ಕ್ಷಣಕ್ಕೆ ಕಾಲು, ಸೊಂಟ, ಭುಜ, ಮಣಿಕಟ್ಟುಗಳೆಲ್ಲ ಒಮ್ಮತಕ್ಕೆ ಬರಬೇಕು. ನಮ್ಮ ಪುರಸಭೆಗಳಲ್ಲಿ ವರ್ಷಕ್ಕೊಮ್ಮೆಯೂ ಆಗದ ಕೆಲಸ!

ಮಿತ್ರರು ಪಾಠಕ್ಕೆ ಹೊರಟರು. ಆರು ತಿಂಗಳಲ್ಲಿ ಮೂರು ಊರುಗಳಲ್ಲಿ ಮೂವರು ಶಿಕ್ಷಕರು. ಒಬ್ಬರು ತಲೆ ಅಲುಗಿಸಬೇಡಿ ಎಂದರು. ಇನ್ನೊಬ್ಬರು ಮೈಭಾರವನ್ನು ಎಡಗಾಲಿಗೆ ದಾಟಿಸಿ ಎಂದರು. ಮೂರನೆಯವರು ಕ್ಯಾಮೆರಾ ಹೂಡಿ, ರಾಡಾರ್ ಯಂತ್ರವಿಟ್ಟು ಅಂಕಿಗಳ ಪಟ್ಟಿಯನ್ನೇ ಕೈಗಿತ್ತರು. ಮೂವರೂ ಬಲ್ಲವರು, ಮೂವರ ಮಾತೂ ಸರಿ. ಆದರೆ ಮೂರು ವೈದ್ಯರ ಮದ್ದನ್ನು ಒಂದೇ ಲೋಟದಲ್ಲಿ ಕಲಸಿ ಕುಡಿದಂತಾಯಿತು. ಮೊದಲು ಹತ್ತಕ್ಕೆ ಮೂರು ಹೊಡೆತ ಸರಿ ಬರುತ್ತಿದ್ದವರಿಗೆ ಈಗ ಒಂದೂ ಬಾರದಾಯಿತು. ಕೋಲುಗಳನ್ನು ಮಾರಿಬಿಡುತ್ತೇನೆಂದರು. ನನಗೆ ದಿಗಿಲಾದದ್ದು ಆಟದ ಬಗ್ಗೆ ಅಲ್ಲ. ಆಟ ಬಿಟ್ಟರೆ ಇವರ ಬೆಳಗು ಎಲ್ಲಿಗೆ ಹೋಗುತ್ತದೆಂದು.

ಆ ಮಳೆಗಾಲದ ಆರಂಭದಲ್ಲಿ ಅವರೊಡನೆ ಭೀಮನಬೀಡಿಗೆ ಹೋಗುವ ಸಂದರ್ಭ ಬಂತು. ಅವರ ಅಣ್ಣ ಇಂದಿಗೂ ಬೇಸಾಯಗಾರರು. ಆ ಸೀಮೆಗೂ ಟ್ರಾಕ್ಟರ್ ಬಂದು ಎಷ್ಟೋ ಕಾಲವಾಗಿದೆ; ಆದರೂ ಆ ಮನೆಯಲ್ಲಿ ಒಂದು ಜೊತೆ ಎತ್ತು ಉಳಿದಿದೆ. ಸೂರ್ಯಕಾಂತಿ ಬಿತ್ತುವ ತುಂಡು ಹೊಲದಲ್ಲಿ ಹದಿನಾರರ ಮೊಮ್ಮಗ ನೇಗಿಲು ಹಿಡಿದಿದ್ದ. ಸಾಲು ಸೊಟ್ಟಗಾಗುತ್ತಿತ್ತು. ಸೊಟ್ಟ ಸಾಲೆಂದರೆ ನೋಟಕ್ಕಷ್ಟೆ ಕೆಡುಕಲ್ಲ. ಮುಂದೆ ಎಡೆಕುಂಟೆ ಹೊಡೆಯುವಾಗ ಕಳೆಯ ಜೊತೆಗೆ ಪೈರೂ ಕಿತ್ತು ಬರುತ್ತದೆ.

ಅಜ್ಜ ಬೈಯಲಿಲ್ಲ. ಬದುವಿನ ಮೇಲೆ ಕುಳಿತು ನಾಲ್ಕು ಸಾಲು ಸುಮ್ಮನೆ ನೋಡಿದರು. ಆಮೇಲೆ ನಮ್ಮ ಕಡೆ ತಿರುಗಿ, “ಒಂದೇ ಕಡ ವಾಲಿದ್ರ ನೊಗದ ತಪ್ಪು, ಇಲ್ದಿದ್ರ ಎತ್ತಿನ ತಪ್ಪು. ಎರಡು ಕಡಕೂ ವಾಲಿದ್ರ ಕೈ ತಪ್ಪು ಕನಪ್ಪ,” ಎಂದರು. ಎದ್ದು ಹೋಗಿ ಹುಡುಗ ಮೇಳಿ ಹಿಡಿದಿದ್ದ ಕೈಯನ್ನು ಸ್ವಲ್ಪ ಸಡಿಲಿಸಿದರು. “ಗುಳ ನೋಡಬ್ಯಾಡ ಮಗ. ಆಚ ಬದುನ ಬೇವಿನ ಮರ ನೋಡ್ಕಂಡು ಹೊಡಿ.” ಆ ದಿನದ ಪಾಠ ಅಷ್ಟೇ. ಸಂಜೆಯ ತನಕ ಇನ್ನೊಂದು ಮಾತು ಹೇಳಲಿಲ್ಲ.

ಮಿತ್ರರು ಹಿಂತಿರುಗುವ ದಾರಿಯಲ್ಲಿ ನಂಜನಗೂಡಿನವರೆಗೂ ಮಾತಾಡಲಿಲ್ಲ. ಮೈಸೂರು ತಲಪಿದ ಮರುದಿನ ನನ್ನ ಕೈಗೊಂದು ಪುಸ್ತಕ ಕೊಟ್ಟು, ಒಂದೇ ಕೋಲಿನಿಂದ ಇಪ್ಪತ್ತು ಚೆಂಡು ಹೊಡೆಯುತ್ತೇನೆ, ಪ್ರತಿಯೊಂದೂ ಎಲ್ಲಿ ಬಿತ್ತೆಂದು ಬರೆಯಿರಿ ಎಂದರು. ಬರೆದೆ. ಬಲಕ್ಕೆ ಏಳು, ಎಡಕ್ಕೆ ಆರು, ನೇರ ಮೂರು, ನೆಲಕ್ಕೆ ನಾಲ್ಕು. ಕೈ ತಪ್ಪು!

ಪಾಠವನ್ನು ಆರಿಸಿಕೊಳ್ಳುವ ಗುಟ್ಟು ಈ ಲೆಕ್ಕದಲ್ಲಿದೆ. ಇಪ್ಪತ್ತರಲ್ಲಿ ಹದಿನೈದು ಒಂದೇ ಕಡೆಗೆ ಹೋದರೆ ಆ ಬೀಸನ್ನು ಅಸ್ಥಿರವೆನ್ನಲಾಗದು. ಅದು ಸ್ಥಿರವಾಗಿಯೇ ತಪ್ಪುತ್ತಿದೆ. ಅಂಥವರಿಗೆ ಒಬ್ಬ ಬಲ್ಲವನ ಒಂದು ಗಂಟೆಯ ಪಾಠ ಸಾಕಾಗಬಹುದು. ಚೆಂಡು ನಾಲ್ಕು ದಿಕ್ಕಿಗೂ ಹೋದರೆ ಒಂದು ಗಂಟೆ ಸಾಲದು. ಒಬ್ಬರೇ ಶಿಕ್ಷಕರ ಬಳಿ, ನಡುನಡುವೆ ಅಭ್ಯಾಸಕ್ಕೆ ಬಿಡುವು ಕೊಟ್ಟು, ಐದಾರು ಪಾಠ ಬೇಕು. ಅದೂ ಹಿಡಿತ, ನಿಲುವು, ಚೆಂಡಿಡುವ ಜಾಗ ಇವುಗಳಿಂದಲೇ ಮೊದಲಾಗಬೇಕು. ಅಮೆರಿಕದ ಮಹಾ ಆಟಗಾರ ಬೆನ್ ಹೋಗನ್ 1957ರಲ್ಲಿ ಗಾಲ್ಫಿನ ಐದು ಪಾಠಗಳನ್ನು ಕುರಿತು ಬರೆದ ಪುಸ್ತಕದಲ್ಲಿ ಮೊದಲನೆಯ ಪಾಠ ಹಿಡಿತದ್ದೇ. ಅಭ್ಯಾಸದಲ್ಲಿ ನೇರವಾಗಿ ಹೊಡೆದು ಆಟಕ್ಕಿಳಿದಾಗ ತಪ್ಪುವವರ ಕಥೆ ಇನ್ನೊಂದು: ಅವರ ಬೀಸು ನೆಟ್ಟಗಿದೆ, ಮನಸ್ಸು ನೆಟ್ಟಗಿಲ್ಲ. ಶಿಕ್ಷಕರು ಬಯಲಿನಲ್ಲಿ ಜೊತೆಗೆ ನಡೆದು ಕಲಿಸುವ ಪಾಠ ಅವರಿಗೆ ಬೇಕು. ಗುಂಪಿನ ತರಗತಿ ಅಗ್ಗ, ಹೊಸಬರಿಗೆ ಒಳ್ಳೆಯದು. ಆದರೆ ದಿಕ್ಕುಗೆಟ್ಟ ಬೀಸು ಸಂತೆಯಲ್ಲಿ ಮಗು ಕಳೆದಂತೆ ಅಲ್ಲಿ ಕಳೆದುಹೋಗುತ್ತದೆ. ಯಂತ್ರ ಸತ್ಯವನ್ನೇ ಹೇಳುತ್ತದೆ, ಎಲ್ಲ ಸತ್ಯವನ್ನೂ ಒಟ್ಟಿಗೇ ಹೇಳುತ್ತದೆ. ಒಂದನ್ನು ಆರಿಸಿ ಉಳಿದುದನ್ನು ಮರೆಸುವ ಗುರು ಪಕ್ಕದಲ್ಲಿರಬೇಕು.

ಬೇವಿನ ಮರದ ಮಾತಿಗೂ ಪ್ರಯೋಗಶಾಲೆಯ ಸಾಕ್ಷಿಯುಂಟು. 1999ರಲ್ಲಿ ಗೇಬ್ರಿಯೆಲೆ ವುಲ್ಫ್ ಮತ್ತು ಸಂಗಡಿಗರು ಹೊಸದಾಗಿ ಗಾಲ್ಫ್ ಕಲಿಯುವವರನ್ನು ಪರೀಕ್ಷಿಸಿದರು. ತೋಳು ಹೇಗೆ ಬೀಸುತ್ತಿದೆಯೆಂದು ಗಮನಿಸಿದವರಿಗಿಂತ ಕೋಲು ಹೇಗೆ ಬೀಸುತ್ತಿದೆಯೆಂದು ಗಮನಿಸಿದವರೇ ಗುರಿಗೆ ಹತ್ತಿರವಾಗಿ ಹೊಡೆದರು. ಗಾಲ್ಫಿನಲ್ಲಿ ಮರ ನೋಡುತ್ತ ಹೊಡೆಯಲಾಗದು, ಕಣ್ಣು ಚೆಂಡಿನ ಮೇಲೇ ಇರಬೇಕು. ಮನಸ್ಸು ಮಾತ್ರ ಮೊಣಕೈ ಬಿಟ್ಟು ಆಚೆ ಹೋಗಬೇಕು.

ಗಾಲ್ಫ್ ಕರ್ನಾಟಕಕ್ಕೆ ಹೊಸದಲ್ಲ; ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ. ಇಲ್ಲಿ ಗೆದ್ದವರೆಲ್ಲ ಒಂದೇ ಪಾಠಶಾಲೆಯವರೂ ಅಲ್ಲ. 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಬೆಂಗಳೂರಿನ ಮುನಿಯಪ್ಪ, ಇತರರ ಚೀಲ ಹೊರುವ ಕ್ಯಾಡಿಯಾಗಿ ಈ ಆಟಕ್ಕೆ ಬಂದವರು. ಬೆಂಗಳೂರಿನ ಅದಿತಿ ಅಶೋಕ್ ಎಳೆವಯಸ್ಸಿನಿಂದ ಕಲಿತವರು. 2021ರಲ್ಲಿ ಟೋಕಿಯೋದಲ್ಲಿ ನಡೆದ ಒಲಿಂಪಿಕ್ಸ್‌ನಲ್ಲಿ, ದೂರ ಹೊಡೆಯುವವರ ನಡುವೆ ಚೆಂಡನ್ನು ಕುಳಿಗೆ ಉರುಳಿಸುವ ನೈಪುಣ್ಯವನ್ನೇ ನಂಬಿ ನಾಲ್ಕನೆಯವರಾದರು.

ನಮ್ಮ ಮಿತ್ರರು ಯಾವ ಪದಕವನ್ನೂ ಗೆಲ್ಲಲಿಲ್ಲ. ಒಬ್ಬರೇ ಶಿಕ್ಷಕರನ್ನು ನಂಬಿ ಎರಡು ತಿಂಗಳು ಹಿಡಿತವೊಂದನ್ನೇ ಕಲಿತರು. ಈಗ ಇಪ್ಪತ್ತರಲ್ಲಿ ಹನ್ನೊಂದು ನೇರ ಹೋಗುತ್ತವೆ. ಉಳಿದ ಒಂಬತ್ತು ಬಲಕ್ಕೇ ಹೋಗುತ್ತವೆ. ಅದನ್ನು ಅವರು ಸಂತೋಷದಿಂದ ಹೇಳಿಕೊಳ್ಳುತ್ತಾರೆ: ತಪ್ಪು ಒಂದು ಕಡೆಗೆ ಬಂದು ನಿಂತಿತಲ್ಲ, ಇನ್ನು ನೊಗ ನೋಡಿಕೊಂಡರಾಯಿತು! ಕೋಲು ಮಾರುವ ಮಾತು ಈಗಿಲ್ಲ. ಬೆಳಗ್ಗೆ ಆರಕ್ಕೆ ಅವರ ಮನೆಯ ಬಾಗಿಲಿಗೆ ಬೀಗ ಬಿದ್ದಿರುತ್ತದೆ.