ಎಷ್ಟು ಕೊಡುತ್ತದೆ?

ಹೊಸ ಮೋಟಾರ್ ಸೈಕಲ್ಲನ್ನು ಮನೆಯ ಮುಂದೆ ತಂದು ನಿಲ್ಲಿಸಿ, ಅದರ ಹಾರದಿಂದ ಒಂದು ಹೂವಾದರೂ ಉದುರುವ ಮೊದಲೇ ನೆರೆಯವರು ಕೇಳುವ ಪ್ರಶ್ನೆ ಒಂದೇ: “ಎಷ್ಟು ಕೊಡುತ್ತದೆ?” ಇಲ್ಲಿಯ ಮರಾಠಿಯವರು “ಕಿತೀ ದೇತೆ?” ಎನ್ನುತ್ತಾರೆ, ಹಿಂದಿಯವರು “ಕಿತ್ನಾ ದೇತೀ ಹೈ?” ಎನ್ನುತ್ತಾರೆ, ಧಾರವಾಡದ ಕಡೆಯ ನಾವು “ಎಷ್ಟ ಕೊಡ್ತೈತಿ?” ಎನ್ನುತ್ತೇವೆ. ಭಾಷೆ ಮೂರು, ಚಿಂತೆ ಒಂದೇ. ಎಮ್ಮೆ ಕೊಳ್ಳಲು ಸಂತೆಗೆ ಹೋದ ನಮ್ಮ ಹಿರಿಯರೂ ಇದನ್ನೇ ಕೇಳುತ್ತಿದ್ದರು. ಮೈಲಿ ಹೋಗಿ ಕಿಲೋಮೀಟರು ಬಂದು ಎಷ್ಟೋ ದಶಕಗಳಾದವು. ‘ಮೈಲೇಜು’ ಮಾತ್ರ ನಮ್ಮ ನಾಲಿಗೆಯನ್ನು ಬಿಟ್ಟು ಹೋಗಲಿಲ್ಲ.

ನಾವಿಬ್ಬರೂ ಈ ಮೈಲೇಜಿನ ಪರಮ ಭಕ್ತರೇ. ನಮ್ಮಲ್ಲಿ ಒಬ್ಬರು ಗಾಡಿ ನಡೆಸುವವರು, ಇನ್ನೊಬ್ಬರು ಹಿಂದೆ ಕುಳಿತು ಬುದ್ಧಿ ಹೇಳುವವರು. ಊರಿನಲ್ಲಿದ್ದಾಗ ನಾವು ಕಂಡದ್ದು ಜಾವಾ, ಯೆಜ್ಡಿಗಳನ್ನು. 1961ರಿಂದ 1996ರವರೆಗೆ ನಮ್ಮ ಮೈಸೂರಿನಲ್ಲೇ ತಯಾರಾದವು ಅವು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಕುಡಿಸಬೇಕು. ಸದ್ದು ಮಾತ್ರ ಊರ ಗೌಡರ ಗತ್ತಿನದು. 1985ರಲ್ಲಿ ಹೀರೋ ಹೋಂಡಾದ ಸಿಡಿ 100 ಬಂತು. ಪೆಟ್ರೋಲು ತುಂಬಿಸಿ, ಮುಚ್ಚಿ, ಮರೆತುಬಿಡಿ ಎಂದು ಅದರ ಜಾಹೀರಾತು. ತಿಂಗಳ ಕೊನೆಯ ವಾರದಲ್ಲಿ ಟ್ಯಾಂಕಿನ ಮುಚ್ಚಳ ತೆಗೆದು, ಗಾಡಿ ಅಲ್ಲಾಡಿಸಿ, ಒಳಗೆ ಇಣುಕಿ ನೋಡುವ ನಮ್ಮಂಥವರಿಗೆ ಅದು ವೇದವಾಕ್ಯವಾಯಿತು. ಸಂಸಾರ ಕಟ್ಟಿಕೊಂಡು ಪುಣೆಗೆ ಬಂದ ಮೇಲೆ ನಾವೂ ಒಂದು ನೂರು ಸಿ.ಸಿ.ಯ ಗಾಡಿಯನ್ನೇ ಕೊಂಡೆವು.

2001ರ ಶ್ರಾವಣದಲ್ಲಿ ಒಂದು ದಿನ ನಾರಾಯಣಪುರದ ದತ್ತನ ದರ್ಶನ ಮುಗಿಸಿ, ಕಾತ್ರಜ್ ಘಾಟಿನ ಹಳೆಯ ದಾರಿಯಿಂದ ಮನೆಗೆ ಬರುತ್ತಿದ್ದೆವು. ಮೂರು ವರ್ಷದ ಮಗ ನಮ್ಮಿಬ್ಬರ ನಡುವೆ. ಜಿಟಿಜಿಟಿ ಮಳೆ. ಇಳಿಜಾರು ಬಂದ ಕೂಡಲೆ ವಾಡಿಕೆಯಂತೆ ಎಂಜಿನ್ ಆರಿಸಿದೆವು. ಗಾಡಿ ತಾನಾಗಿಯೇ ಉರುಳುವಾಗ ಪೆಟ್ರೋಲು ಏಕೆ ಸುಡಬೇಕು? ಗೇರಿನಲ್ಲಿರುವ ಎಂಜಿನ್ನು ಇಳಿಜಾರಿನಲ್ಲಿ ಗಾಡಿಯನ್ನು ಹಿಂದಕ್ಕೆ ಹಿಡಿದಿರುತ್ತದೆ, ಅದನ್ನು ಆರಿಸಿ ಗೇರು ತಪ್ಪಿಸಿದರೆ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ ಎಂಬ ಜ್ಞಾನ ನಮಗಿರಲಿಲ್ಲ. ಮೇಲಾಗಿ ಹಿಂದಿನ ಟೈರು ನುಣುಪಾಗಿ ಸವೆದಿತ್ತು. ದೀಪಾವಳಿಗೆ ಬದಲಾಯಿಸೋಣವೆಂದು ಮುಂದೂಡಿದ್ದೆವು. ತಿರುವಿನಲ್ಲಿ ಬಸ್ಸೊಂದು ಎದುರಾಯಿತು. ಬ್ರೇಕು ಒತ್ತಿದೆವು; ಹಿಂದಿನ ಗಾಲಿ ಜಾರಿತು. ಮೂವರೂ ರಸ್ತೆಯ ಬದಿಯ ಜಲ್ಲಿಯ ಮೇಲೆ ಬಿದ್ದೆವು. ಮುಂದಿದ್ದವರ ಮಣಿಕಟ್ಟು ಮುರಿಯಿತು. ಮಗುವಿನ ಗಲ್ಲ ಒಡೆದು ನಾಲ್ಕು ಹೊಲಿಗೆ ಬಿದ್ದವು. ಅಂದು ನಾವು ಉಳಿಸಿದ ಪೆಟ್ರೋಲು ಒಂದು ಚಹದ ಲೋಟದಷ್ಟೂ ಇರಲಾರದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನಮ್ಮದು ಮಾನದ ಮಾತಾಗಿರಲಿಲ್ಲ, ಪ್ರಾಣದ ಮಾತಾಗಿತ್ತು.

ಈಗ ಅದೇ ಮಗ ತನ್ನ ದುಡಿಮೆಯಲ್ಲಿ ಗಾಡಿ ಕೊಳ್ಳಹೊರಟಿದ್ದಾನೆ. ಅವನು ನೋಡಿಟ್ಟದ್ದು ಎರಡು. ಒಂದು ಲೀಟರಿಗೆ 60 ಕಿಲೋಮೀಟರು ಕೊಡುತ್ತದೆ. ಇನ್ನೊಂದು ಕೊಡುವುದು 50. ಬೆಲೆಯೂ ಹತ್ತು ಸಾವಿರ ಹೆಚ್ಚು. ಆದರೆ ಮುಂದೆ ಡಿಸ್ಕ್ ಬ್ರೇಕು, ಅಗಲವಾದ ಟೈರು. “ಅರವತ್ತು ಕೊಡೋದನ್ನೇ ತಗೋತೀನಪ್ಪಾ, ಸುಮ್ಮನೆ ರೊಕ್ಕ ಯಾಕ ಹಾಳು ಮಾಡೋದು?” ಎಂದ. ನಮ್ಮ ಪಾಠವನ್ನು ನಮಗೇ ಒಪ್ಪಿಸಿದ್ದ!

ನಾವು ಕಾಗದ ಪೆನ್ಸಿಲು ಹಿಡಿದು ಕುಳಿತೆವು. ಚಿಂಚವಡದಿಂದ ಹಿಂಜವಡಿಗೆ ಹೋಗಿ ಬರಲು ಸುಮಾರು 24 ಕಿಲೋಮೀಟರು. ತಿಂಗಳಿಗೆ 25 ದಿನವೆಂದರೆ 600. ಅರವತ್ತರ ಗಾಡಿಗೆ 10 ಲೀಟರು, ಐವತ್ತರ ಗಾಡಿಗೆ 12. ಲೀಟರಿಗೆ ನೂರು ರೂಪಾಯಿ ಹಿಡಿದರೆ ವ್ಯತ್ಯಾಸ ತಿಂಗಳಿಗೆ ಇನ್ನೂರು. ಇನ್ನೊಂದು ಸೋಜಿಗ ನೋಡಿ: ಇಪ್ಪತ್ತು ಕೊಡುವ ಗಾಡಿ ಬಿಟ್ಟು ಮೂವತ್ತರದನ್ನು ಕೊಂಡರೆ ಇದೇ 600 ಕಿಲೋಮೀಟರಿಗೆ 10 ಲೀಟರು ಉಳಿಯುತ್ತದೆ, ಅರವತ್ತರಿಂದ ಎಪ್ಪತ್ತಕ್ಕೆ ಏರಿದರೆ ಒಂದೂವರೆ ಲೀಟರೂ ಉಳಿಯುವುದಿಲ್ಲ. ಹತ್ತು ಎಲ್ಲೆಲ್ಲಿಯೂ ಹತ್ತೇ ಅಲ್ಲ.

ಹಾಗೆಂದು ಮೈಲೇಜು ಬರಿಯ ಭ್ರಮೆಯೆಂದು ನಾವು ಹೇಳುವುದಿಲ್ಲ. ನಮ್ಮ ಕೆಳಗಿನ ಕೋಣೆಯಲ್ಲಿ ವಿಜಯಪುರದ ಹುಡುಗನೊಬ್ಬನಿದ್ದಾನೆ. ಮನೆಮನೆಗೆ ಊಟ ತಲುಪಿಸುವ ಕೆಲಸ. ದಿನಕ್ಕೆ 120 ಕಿಲೋಮೀಟರು ಓಡುತ್ತಾನೆ. ಅದೇ ಲೆಕ್ಕದಲ್ಲಿ ಅವನಿಗೆ ತಿಂಗಳಿಗೆ ಸಾವಿರ ರೂಪಾಯಿಯ ವ್ಯತ್ಯಾಸ. ಅದು ಊರಿನಲ್ಲಿರುವ ಅವನ ತಾಯಿಯ ಔಷಧಿಯ ಹಣ. ಅವನು ಮೈಲೇಜು ಕೇಳಿದರೆ ಅದು ವಿವೇಕ. ದಿನಕ್ಕೆ ಎಷ್ಟು ದೂರ ಓಡುತ್ತೇವೆ ಎಂದು ಮೊದಲು ನಮ್ಮನ್ನು ನಾವು ಕೇಳಿಕೊಂಡು, ಆಮೇಲೆ ಗಾಡಿಯನ್ನು ಕೇಳಬೇಕು.

ಅಂಗಡಿಯವರು ಹೇಳುವ ಅಂಕಿಯೂ ನಮ್ಮ ರಸ್ತೆಯದಲ್ಲ. ಪರೀಕ್ಷಾಲಯದಲ್ಲಿ ಉರುಳೆಗಳ ಮೇಲೆ, ಗೊತ್ತಾದ ವೇಗದಲ್ಲಿ ಓಡಿಸಿ ಬಂದದ್ದು. ಅಲ್ಲಿ ಸಿಗ್ನಲ್ಲಿಲ್ಲ, ಹಳ್ಳವಿಲ್ಲ, ಹಿಂದೆ ಕುಳಿತವರ ಕೈಯಲ್ಲಿ ತರಕಾರಿ ಚೀಲವಿಲ್ಲ. ಈಗಿನ ಪೆಟ್ರೋಲಿನಲ್ಲಿ ಐದನೆಯ ಒಂದು ಪಾಲಿನವರೆಗೆ ಎಥನಾಲ್ ಇರುತ್ತದೆ. ಲೀಟರಿಗೆ ಲೀಟರು ಹಿಡಿದರೆ ಅದರ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಮಾತ್ರ. ನಿಜ ತಿಳಿಯಬೇಕಾದರೆ ಟ್ಯಾಂಕು ಪೂರ್ತಿ ತುಂಬಿಸಿ ಮೀಟರು ಬರೆದುಕೊಳ್ಳಿ. ಇನ್ನೂರು ಮುನ್ನೂರು ಕಿಲೋಮೀಟರು ಓಡಿಸಿ, ಅದೇ ಪಂಪಿನಲ್ಲಿ ಮತ್ತೆ ತುಂಬಿಸಿ. ಓಡಿದ ದೂರವನ್ನು ಹಿಡಿದ ಲೀಟರಿನಿಂದ ಭಾಗಿಸಿ. ಟೈರಿಗೆ ಸರಿಯಾದ ಗಾಳಿ, ಚೈನಿಗೆ ಎಣ್ಣೆ, ಕ್ಲಚ್ಚಿನ ಮೇಲೆ ಸುಮ್ಮನೆ ಬೆರಳಿಡದಿರುವುದು, ವೇಗದಲ್ಲಿ ಮಿತಿ: ಇವು ಯಾವ ಗಾಡಿಯಲ್ಲಾದರೂ ಉಳಿತಾಯವನ್ನೇ ತರುತ್ತವೆ, ಅಪಾಯವನ್ನು ತರುವುದಿಲ್ಲ.

ಕಾಗದ ಮಡಿಸಿಟ್ಟು, ಮಗನಿಗೆ ಕಾತ್ರಜ್ ಘಾಟಿನ ಕಥೆಯನ್ನು ಪೂರ್ತಿಯಾಗಿ ಹೇಳಿದೆವು. ಗಲ್ಲದ ಗಾಯ ಆಟವಾಡುವಾಗ ಆದದ್ದೆಂದೇ ಅವನು ಇಷ್ಟು ವರ್ಷ ನಂಬಿದ್ದ. ನಾಚಿಕೆಯಿಂದ ನಾವೇ ಹಾಗೆ ಹೇಳಿಕೊಂಡು ಬಂದಿದ್ದೆವು. ಅವನು ಬೆರಳಿನಿಂದ ಗಲ್ಲ ಸವರಿಕೊಂಡು ಬಹಳ ಹೊತ್ತು ಸುಮ್ಮನಿದ್ದ.

ಆಗ ನಮಗೆ ಊರಿನ ಅಜ್ಜನ ನೆನಪಾಯಿತು. ಸಂತೆಯಲ್ಲಿ ಎಲ್ಲರೂ ಎಮ್ಮೆಯ ಹಾಲಿನ ಲೆಕ್ಕ ಕೇಳುತ್ತಿದ್ದರೆ ಅಜ್ಜ ಅದರ ಹಿಂಗಾಲಿನ ಹತ್ತಿರ ನಿಂತು, “ಹಾಲಿನ ಮಾತು ಆಮ್ಯಾಲ. ಒದೀತೈತೇನು, ಅದನ್ನ ಮೊದಲ ಹೇಳ್ರಿ” ಎನ್ನುತ್ತಿದ್ದ.

ಐವತ್ತು ಕೊಡುವ ಗಾಡಿ ಮೊನ್ನೆ ಮನೆಗೆ ಬಂತು. ನೆರೆಯವರು ಬಂದು ಕೇಳಿದರು, “ಕಿತೀ ದೇತೆ?” ಮಗ ನಮ್ಮ ಕಡೆ ನೋಡಿ ನಕ್ಕು, “ಬ್ರೇಕು ಛಲೋ ಹಿಡೀತದ್ರಿ” ಎಂದ. ಅವರಿಗೆ ಕನ್ನಡ ತಿಳಿಯಲಿಲ್ಲ, ನಮಗೆ ತಿಳಿಯಿತು.